ಬ್ರಸೆಲ್ಸ್‌ನ ಕಾನೂನು, ನಮ್ಮ ಸರ್ವೆ ನಂಬರು

ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ಕಾಫಿ ಬೆಳೆಗಾರರೇ, ಅಲ್ಲಿನ ಗ್ರಾಮ ಪಂಚಾಯಿತಿ ಸದಸ್ಯರೇ, ತೋಟವನ್ನು ಅಪ್ಪ-ಅಮ್ಮನ ಕೈಗೆ ಬಿಟ್ಟು ಬೆಂಗಳೂರಿನಲ್ಲೋ ಬರ್ಲಿನ್ನಿನಲ್ಲೋ ಕೆಲಸದಲ್ಲಿರುವ ಮಕ್ಕಳೇ,

ಮುಂದಿನ ಗ್ರಾಮಸಭೆಯಲ್ಲಿ ಬೀದಿದೀಪ, ಚರಂಡಿ, ಮನೆ ಹಂಚಿಕೆಯ ಪಟ್ಟಿಯ ಜೊತೆಗೆ ಯುರೋಪಿನ ಒಂದು ಕಾನೂನನ್ನೂ ಚರ್ಚೆಗೆ ಎತ್ತಿಕೊಳ್ಳಿ ಎಂದು ಕೇಳಿಕೊಳ್ಳಲು ಇದನ್ನು ಬರೆಯುತ್ತಿದ್ದೇನೆ. ನಗು ಬಂದರೆ ನಕ್ಕುಬಿಡಿ. ಕಾಡಾನೆ ತೋಟದೊಳಗೆ ನಿಂತಿರುವಾಗ, ಹೂಮಳೆ ಹೊತ್ತಿಗೆ ಸರಿಯಾಗಿ ಬಾರದಿರುವಾಗ, ಹಣ್ಣು ಕೊಯ್ಯಲು ಆಳು ಸಿಗದಿರುವಾಗ ಬ್ರಸೆಲ್ಸ್‌ನ ಮಾತು ಯಾರಿಗೆ ಬೇಕು ಎಂದು ಕೇಳುವುದೂ ನ್ಯಾಯವೇ. ಆದರೂ ಓದಿ. ನಿಮ್ಮ ತೋಟದ ಗುರುತು ಆ ಊರಿನ ಕಂಪ್ಯೂಟರಿಗೆ ಹೋಗಲಿದೆ. ಅದು ಸರಿಯಾಗಿ ಹೋಗುತ್ತದೋ ತಪ್ಪಾಗಿ ಹೋಗುತ್ತದೋ, ಯಾರ ಕೈ ದಾಟಿ ಹೋಗುತ್ತದೋ ಎಂಬುದು ಇನ್ನೂ ನಮ್ಮ ಊರಿನಲ್ಲೇ ತೀರ್ಮಾನವಾಗಬೇಕಾದ ವಿಷಯ.

ಯುರೋಪಿಯನ್ ಒಕ್ಕೂಟದ ಅರಣ್ಯನಾಶ ತಡೆ ನಿಯಮ 2023ರ ಜೂನ್ 29ರಂದು ಅಸ್ತಿತ್ವಕ್ಕೆ ಬಂತು. ದನ, ಕೋಕೋ, ಕಾಫಿ, ತಾಳೆ ಎಣ್ಣೆ, ರಬ್ಬರ್, ಸೋಯಾ, ಮರ ಈ ಏಳೂ, ಇವುಗಳಿಂದ ಮಾಡಿದ ಎಷ್ಟೋ ಸರಕುಗಳೂ ಅದರೊಳಗೆ ಬರುತ್ತವೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದದ್ದು ಯುರೋಪಿಗೆ ಬರಕೂಡದು; ಬೆಳೆದ ದೇಶದ ಕಾನೂನನ್ನು ಮೀರಿ ಬೆಳೆದದ್ದೂ ಬರಕೂಡದು. ಎರಡಕ್ಕೂ ರುಜುವಾತು ಬೇಕು. ರುಜುವಾತಿನ ಮೊದಲ ತುಣುಕು ಕಾಫಿ ಬೆಳೆದ ಜಮೀನಿನ ಅಕ್ಷಾಂಶ, ರೇಖಾಂಶ. ನಾಲ್ಕು ಹೆಕ್ಟೇರ್, ಅಂದರೆ ಹತ್ತಿರ ಹತ್ತು ಎಕರೆ ಮೀರಿದ ತೋಟವಾದರೆ ಸುತ್ತಲ ಗಡಿಯನ್ನೇ ಗುರುತಿಸಿ ಕೊಡಬೇಕು. ಅದಕ್ಕಿಂತ ಚಿಕ್ಕದಾದರೆ ಒಂದು ಬಿಂದು ಸಾಕು.

ನಿಯಮವನ್ನು ಕಟ್ಟುನಿಟ್ಟಾಗಿ ಅನ್ವಯಿಸುವ ದಿನ ಎರಡು ಸಲ ಮುಂದಕ್ಕೆ ಹೋಗಿದೆ. ಮೊದಲು 2024ರ ಡಿಸೆಂಬರ್ 30 ಎಂದಿದ್ದರು, ಆಮೇಲೆ 2025 ಎಂದರು. ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30, ಸಣ್ಣವಕ್ಕೆ 2027ರ ಜೂನ್ 30. ಎರಡು ಸಲ ಮುಂದೆ ಹೋದದ್ದು ಮೂರನೆಯ ಸಲವೂ ಹೋದೀತು ಎಂದು ಕಾಯುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಹೋಗಲೂಬಹುದು. ಆದರೆ ಯುರೋಪಿನ ದೊಡ್ಡ ಖರೀದಿದಾರರು ಕಾಯುತ್ತಾ ಕೂತಿಲ್ಲ. ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಕರ್ನಾಟಕದ್ದು, ದೇಶದ ಬೆಳೆಯಲ್ಲಿ ಹೆಚ್ಚಿನ ಪಾಲು ರಫ್ತಾಗುತ್ತದೆ, ಕೊಳ್ಳುವವರ ಮುಂದಿನ ಸಾಲಿನಲ್ಲಿ ಇಟಲಿ, ಜರ್ಮನಿ ಇವೆ. ಲೆಕ್ಕ ನೀವೇ ಹಾಕಿಕೊಳ್ಳಿ.

ಈ ಕಾನೂನು ಕೆಲಸ ಮಾಡುವ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಯುರೋಪಿನ ಸಂಸತ್ತಿಗೆ ಮೂಡಿಗೆರೆಯ ಬೆಳೆಗಾರನ ಮೇಲೆ ಯಾವ ಅಧಿಕಾರವೂ ಇಲ್ಲ. ಅದು ನಿಮಗೆ ನೋಟಿಸು ಕೊಡುವುದಿಲ್ಲ, ದಂಡ ಹಾಕುವುದಿಲ್ಲ, ಜಪ್ತಿಗೆ ಬರುವುದಿಲ್ಲ. ಅದು ಹಿಡಿಯುವುದು ತನ್ನ ನೆಲದಲ್ಲಿ ಕಾಫಿ ತಂದಿಳಿಸುವ ಕಂಪನಿಯನ್ನು. ತಪ್ಪಿತಸ್ಥ ಕಂಪನಿಗೆ ಹಾಕಬಹುದಾದ ಗರಿಷ್ಠ ದಂಡ ಯುರೋಪಿನಲ್ಲಿ ಅದರ ವಾರ್ಷಿಕ ವಹಿವಾಟಿನ ಶೇ 4ಕ್ಕಿಂತ ಕಡಿಮೆ ಇರಕೂಡದು ಎಂದು ನಿಯಮದಲ್ಲೇ ಬರೆದಿದೆ. ಆ ಹೆದರಿಕೆ ಅಲ್ಲಿಂದ ಕೆಳಗಿಳಿಯುತ್ತದೆ. ಕಂಪನಿ ನಮ್ಮ ರಫ್ತುದಾರನನ್ನು ಕೇಳುತ್ತದೆ. ರಫ್ತುದಾರ ಕ್ಯೂರಿಂಗ್ ವರ್ಕ್ಸ್‌ನವರನ್ನು ಕೇಳುತ್ತಾನೆ, ಅವರು ವ್ಯಾಪಾರಿಯನ್ನು ಕೇಳುತ್ತಾರೆ. ವ್ಯಾಪಾರಿ ನಿಮ್ಮ ಕಣದ ಪಕ್ಕ ಪಿಕಪ್ ನಿಲ್ಲಿಸಿ, ‘ಅಣ್ಣ, ಒಂದು ಲೊಕೇಶನ್ ಕಳಿಸ್ಬಿಡಿ, ಹಾಗೇ ಪಹಣಿದೊಂದು ಫೋಟೋ’ ಎನ್ನುತ್ತಾನೆ. ಅಷ್ಟೇ. ಕಾನೂನು ಬಂದು ಮುಟ್ಟಿತು. ಡಂಗುರವಿಲ್ಲ, ಗೆಜೆಟ್ಟಿಲ್ಲ, ಆಕ್ಷೇಪಣೆಗೆ ಮೂವತ್ತು ದಿನವೂ ಇಲ್ಲ.

ನಮ್ಮ ಹಿರಿಯರು ಕಂಡ ಕಾಫಿ ಸರ್ಕಾರ ಬೇರೆ ಥರದ್ದಾಗಿತ್ತು. 1942ರ ಕಾಫಿ ಕಾಯ್ದೆಯ ಕೆಳಗೆ ಬೆಳೆದದ್ದನ್ನು ಕಾಫಿ ಮಂಡಳಿಯ ಸಾಮೂಹಿಕ ಸಂಗ್ರಹಕ್ಕೆ, ಅಂದರೆ ಪೂಲ್‌ಗೆ, ಒಪ್ಪಿಸಬೇಕಿತ್ತು, ಹಣ ಕಂತು ಕಂತಾಗಿ ಬರುತ್ತಿತ್ತು. ಸ್ವಂತ ಕಾಫಿಯನ್ನು ಸ್ವಂತ ಇಷ್ಟದಂತೆ ಮಾರಲಾಗದ ಆ ಕಾಲವನ್ನು ಬೈದವರು ಬಹಳ, ಬೈದದ್ದೂ ಸರಿಯೇ. ಆದರೆ ಬೈಯಲು ಒಂದು ವಿಳಾಸವಿತ್ತು. ಬೆಂಗಳೂರಿನ ಕಾಫಿ ಮಂಡಳಿಯ ಮೆಟ್ಟಿಲು ಹತ್ತಬಹುದಿತ್ತು, ಸಂಸದರ ಮನೆ ಬಾಗಿಲಿಗೆ ಹೋಗಬಹುದಿತ್ತು, ದೆಹಲಿಗೆ ನಿಯೋಗ ಒಯ್ಯಬಹುದಿತ್ತು. ಹಾಗೆ ಹೋರಾಡಿಯೇ 1990ರ ದಶಕದಲ್ಲಿ ಹಂತ ಹಂತವಾಗಿ ಬಿಗಿ ಸಡಿಲವಾಯಿತು, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅದಕ್ಕೂ ಮೊದಲು, 1989ರಲ್ಲೇ, ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಮುರಿದುಬಿದ್ದಿತ್ತು. ಮುಕ್ತ ಮಾರುಕಟ್ಟೆ ಬಂದ ಮೇಲೆ ಅರೇಬಿಕಾದ ರೇಟಿಗೆ ನ್ಯೂಯಾರ್ಕ್ ನೋಡು, ರೋಬಸ್ಟಾಕ್ಕೆ ಲಂಡನ್ ನೋಡು ಎಂಬ ದಿನಚರಿ ನಮ್ಮದಾಯಿತು. ಬ್ರೆಜಿಲಿನಲ್ಲಿ ಹಿಮ ಬಿದ್ದು ಗಿಡ ಸುಟ್ಟರೆ ಬಾಳೆಹೊನ್ನೂರಿನಲ್ಲಿ ರೇಟು ಏರುವುದು ಈಗ ಯಾರಿಗೂ ಸೋಜಿಗವಲ್ಲ. ಬೆಲೆ ಹೀಗೆ ಸಮುದ್ರ ದಾಟಿ ಬರತೊಡಗಿ ಮೂವತ್ತು ವರ್ಷವಾಯಿತು; ಅದರ ಹಿಂದೆಯೇ ಈಗ ಆಡಳಿತವೂ ಬಂದಿದೆ. ನಾವು ಓಟು ಹಾಕದ ಜನ ಮಾಡಿದ ನಿಯಮವನ್ನು ನಮ್ಮ ಊರಿನ ಖಾಸಗಿ ವ್ಯಾಪಾರಿ ಜಾರಿ ಮಾಡುತ್ತಿದ್ದಾನೆ. ಅವನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಅವನೂ ಕೊಂಡಿಯೇ.

ನಿಯಮದ ಉದ್ದೇಶದ ಬಗ್ಗೆ ನನಗೆ ತಕರಾರಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಶ್ರೀಮಂತ ದೇಶಗಳು ಕುಡಿಯುವ ಕಾಫಿ, ತಿನ್ನುವ ಚಾಕಲೇಟು, ಸಾಕುವ ಹಂದಿಯ ಮೇವಿಗಾಗಿ ಉಷ್ಣವಲಯದ ಕಾಡುಗಳು ಬಯಲಾಗುತ್ತಿರುವುದು ಸುಳ್ಳಲ್ಲ. ಪಶ್ಚಿಮ ಘಟ್ಟದ ಮಳೆ ನಂಬಿ ಬದುಕುವ ನಾವು ಕಾಡು ಉಳಿಯಬೇಕು ಎನ್ನುವವರ ಎದುರು ನಿಲ್ಲುವುದು ನಮಗೇ ನಷ್ಟ. ‘ತಮ್ಮ ಕಾಡನ್ನು ಇನ್ನೂರು ವರ್ಷದ ಹಿಂದೆಯೇ ಕಡಿದು ಮುಗಿಸಿದವರು ನಮಗೆ ಪಾಠ ಹೇಳ್ತಾರೆ’ ಎಂಬ ಮಾತು ಅರಳಿಕಟ್ಟೆಯಲ್ಲಿ ಚೆನ್ನಾಗಿ ಕೇಳಿಸುತ್ತದೆ, ಅದರಲ್ಲಿ ಹುರುಳೂ ಇದೆ. ಆದರೆ ಆ ಮಾತಿನಿಂದ ಒಂದು ಮೂಟೆ ಕಾಫಿಯೂ ಮಾರಾಟವಾಗುವುದಿಲ್ಲ. ತಕರಾರು ಇರುವುದು ಜಾರಿಯ ಭಾರ ಯಾರ ಹೆಗಲಿಗೆ ಬೀಳುತ್ತದೆ ಎಂಬಲ್ಲಿ.

ಭಾರತಕ್ಕೆ ಸ್ವಲ್ಪ ಅನುಕೂಲವೇ ಆಗಿದೆ. 2025ರ ಮೇ ತಿಂಗಳಲ್ಲಿ ಯುರೋಪಿಯನ್ ಒಕ್ಕೂಟದವರು ಪ್ರಕಟಿಸಿದ ಪಟ್ಟಿಯಲ್ಲಿ ನಮ್ಮನ್ನು ‘ಕಡಿಮೆ ಅಪಾಯ’ದ ದೇಶಗಳ ಸಾಲಿನಲ್ಲಿ ಇಟ್ಟಿದ್ದಾರೆ. ಅಂದರೆ ಅಲ್ಲಿನ ಅಧಿಕಾರಿಗಳ ತಪಾಸಣೆ ಶೇ 1ಕ್ಕೆ ಇಳಿಯುತ್ತದೆ, ಆಮದು ಕಂಪನಿಯ ಕಾಗದಪತ್ರವೂ ಹಗುರಾಗುತ್ತದೆ. ಆದರೆ ಜಮೀನಿನ ಗುರುತು ಕೊಡುವುದು ತಪ್ಪುವುದಿಲ್ಲ. ತಾವೇ ಬೆಳೆದು ತಾವೇ ನೇರ ಯುರೋಪಿಗೆ ಮಾರುವ ಸಣ್ಣವರಿಗೆ ಇತ್ತೀಚಿನ ತಿದ್ದುಪಡಿಯಲ್ಲಿ ಸಡಿಲಿಕೆ ಇದೆ. ವ್ಯಾಪಾರಿಯ ಗಾಡಿಗೆ ಚೆರ್ರಿ ಮೂಟೆ ಹಾಕುವ ನಮ್ಮ ಮೂರೆಕರೆಯವರಿಗೆ ಅದರಿಂದ ಹೆಚ್ಚೇನೂ ಸಿಗದು.

ಮತ್ತೊಂದು ಷರತ್ತು ಇನ್ನೂ ಗಂಭೀರ. ಮೂಲ ತಿಳಿದ ಕಾಫಿಯೊಂದಿಗೆ ಮೂಲ ತಿಳಿಯದ್ದನ್ನು ಬೆರೆಸುವಂತಿಲ್ಲ. ಇಪ್ಪತ್ತು ತೋಟಗಳ ಚೆರ್ರಿ ಒಂದೇ ಲಾರಿಯಲ್ಲಿ ಕುಶಾಲನಗರಕ್ಕೋ ಹಾಸನಕ್ಕೋ ಹೋಗುವ ನಾಡು ನಮ್ಮದು. ಅದರಲ್ಲಿ ಹತ್ತೊಂಬತ್ತು ಜನ ಲೆಕ್ಕ ಸರಿ ಇಟ್ಟು ಒಬ್ಬರದು ಇಲ್ಲದಿದ್ದರೆ ಇಡೀ ಲಾಟು ಯುರೋಪಿಗೆ ಅನರ್ಹ. ವ್ಯಾಪಾರಿ ಏನು ಮಾಡುತ್ತಾನೆ? ಇಪ್ಪತ್ತನೆಯವರನ್ನು ಬಿಡುತ್ತಾನೆ, ಇಲ್ಲವೇ ಅವರಿಗೆ ಬೇರೆ ರೇಟು ಹೇಳುತ್ತಾನೆ. ಆ ಇಪ್ಪತ್ತನೆಯವರು ಯಾರು ಎಂದು ಊಹಿಸಲು ಕಷ್ಟವಿಲ್ಲ: ಮಕ್ಕಳು ಹೊರಗಿರುವ ವಯಸ್ಸಾದವರು, ಗಂಡ ಸತ್ತ ಮೇಲೂ ಖಾತೆ ಬದಲಾಗದ ಹೆಂಗಸರು, ಕೀಪ್ಯಾಡ್ ಫೋನಿನವರು. ದೊಡ್ಡ ಎಸ್ಟೇಟುಗಳಿಗೆ ಪ್ರಮಾಣಪತ್ರ ಮಾಡಿಸಿ ಅಭ್ಯಾಸವಿದೆ, ಅದಕ್ಕೇ ನೌಕರರಿದ್ದಾರೆ. ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ ತೊಂಬತ್ತೆಂಟಕ್ಕೂ ಹೆಚ್ಚು ಮಂದಿ ಹತ್ತು ಹೆಕ್ಟೇರಿನೊಳಗಿನವರು. ಆದ್ದರಿಂದಲೇ ಇದನ್ನು ‘ಅವರವರ ತೋಟ, ಅವರವರ ಪಾಡು’ ಎಂದು ಬಿಡಲಾಗುವುದಿಲ್ಲ. ಇದು ಊರಿನ ವಿಷಯ, ಊರಿನ ಸಭೆಗೆ ಬರಬೇಕು ಎನ್ನುವುದಕ್ಕೆ ನನ್ನ ಮೊದಲ ಕಾರಣ ಇದು.

ಎರಡನೆಯ ಕಾರಣ ನಮ್ಮ ಮರಗಳು. ನಮ್ಮ ಕಾಫಿ ಹೆಚ್ಚುಕಡಿಮೆ ಎಲ್ಲವೂ ನೆರಳಿನಲ್ಲಿ ಬೆಳೆಯುವಂಥದ್ದು. ಅತ್ತಿ, ಹಲಸು, ಬೀಟೆ, ನಂದಿ, ಸಿಲ್ವರ್ ಓಕ್, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಇದು ನಮ್ಮ ಹೆಮ್ಮೆ. ಆದರೆ ಉಪಗ್ರಹಕ್ಕೆ ಕಾಣುವುದು ಮರದ ನೆತ್ತಿ ಮಾತ್ರ. ನಿಯಮದ ಪ್ರಕಾರ ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ, ಐದು ಮೀಟರ್ ಮೀರಿದ ಮರಗಳು ನೆಲದ ಶೇ 10ಕ್ಕಿಂತ ಹೆಚ್ಚು ಭಾಗವನ್ನು ಮುಚ್ಚಿದ್ದರೆ ಅದು ಕಾಡು. ಕೃಷಿಗೆ ಬಳಸುವ ನೆಲ, ಮರಗಳ ಅಡಿಯ ಕೃಷಿ ಅದರಿಂದ ಹೊರಗೆ. ಕಾಗದದ ಮೇಲೆ ನಾವು ಪಾರಾದೆವು. ಆದರೆ ತೋಟವೊಂದನ್ನು 2020ರ ಚಿತ್ರದಲ್ಲಿ ಕಾಡೆಂದು ಎಣಿಸಿಬಿಟ್ಟಿದ್ದರೆ? ಆಮೇಲೆ ಮರಗಸಿ ಜೋರಾಗಿ ಮಾಡಿದ ವರ್ಷ, ಬಲಿತ ಓಕ್ ಕಡಿಸಿ ಮಾರಿದ ವರ್ಷ, ಆಷಾಢದ ಗಾಳಿಗೆ ಮರಗಳು ಮಗುಚಿದ ವರ್ಷ, ಮೇಲಿನಿಂದ ನೋಡಿದವರಿಗೆ ಹಸಿರು ಕಳೆದಂತೆ ಕಾಣಬಹುದು. ಅದು ಕಾಡು ಕಡಿದದ್ದಲ್ಲ, ವರ್ಷವರ್ಷದ ತೋಟದ ಕೆಲಸ ಎಂದು ಬರ್ಲಿನ್ನಿನ ಕಚೇರಿಯಲ್ಲಿ ಕೂತವರಿಗೆ ಹೇಳುವವರು ಯಾರು? ನಮ್ಮ ಪರವಾಗಿ ಮಾತಾಡಬಲ್ಲದ್ದು 2020ಕ್ಕೂ ಮೊದಲು ಅಲ್ಲಿ ಕಾಫಿ ಇತ್ತು ಎಂಬ ದಾಖಲೆ. ನಿಮ್ಮ ಪಹಣಿಯ ಬೆಳೆ ಕಾಲಂ ತೆಗೆದು ನೋಡಿ. ಕಾಫಿ ಎಂದು ಬರೆದಿದೆಯೇ? ಬೆಳೆ ಸಮೀಕ್ಷೆಯಲ್ಲಿ ಏನು ದಾಖಲಾಗಿದೆ? ಹಳೆಯ ಪೂಲ್ ರಸೀದಿ, ಕ್ಯೂರಿಂಗ್ ವರ್ಕ್ಸ್‌ನ ಬಿಲ್ಲು, ಬ್ಯಾಂಕಿನ ಬೆಳೆಸಾಲದ ಕಾಗದ ಪೆಟ್ಟಿಗೆಯಲ್ಲಿದ್ದರೆ ಒಲೆಗೆ ಹಾಕಬೇಡಿ.

ಪಹಣಿಯ ವಿಷಯ ಬಂದದ್ದರಿಂದ ಅಲ್ಲೇ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನಮ್ಮ ನಿಜವಾದ ಸಂಕಟ ಅಲ್ಲಿದೆ. ‘ಬೆಳೆದ ದೇಶದ ಕಾನೂನಿಗೆ ಅನುಗುಣವಾಗಿ’ ಎಂಬ ಷರತ್ತಿನೊಳಗೆ ಜಮೀನಿನ ಹಕ್ಕು ಬರುತ್ತದೆ, ಕಾರ್ಮಿಕರ ಹಕ್ಕೂ ಬರುತ್ತದೆ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ದೇಶವೇ ಕರ್ನಾಟಕದತ್ತ ತಿರುಗಿ ನೋಡಿತು. ಕೈಬರಹದಲ್ಲಿದ್ದ ತಪ್ಪುಗಳೂ ಅಷ್ಟೇ ಅಚ್ಚುಕಟ್ಟಾಗಿ ಏರಿದವು ಎಂಬುದು ತಾಲ್ಲೂಕು ಕಚೇರಿ ಅಲೆದವರಿಗೆ ಗೊತ್ತು. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಇರುವ ಖಾತೆ, ಪೋಡಿಯಾಗದ ಜಂಟಿ ಪಹಣಿ, ಕೊಡಗಿನ ಜಮ್ಮಾ ಬಾಣೆಯಲ್ಲಿ ಒಂದೇ ದಾಖಲೆಯಲ್ಲಿ ಸಾಲುಗಟ್ಟಿದ ಕುಟುಂಬದವರ ಹೆಸರುಗಳು, ಕೆಲವು ಕಡೆ ಇನ್ನೂ ಬಗೆಹರಿಯದ ಮರದ ಹಕ್ಕು. ಒತ್ತುವರಿ ಮಾಡಿ ತೋಟ ಎಬ್ಬಿಸಿದ ಸರ್ಕಾರಿ ಜಮೀನನ್ನು 25 ಎಕರೆಯವರೆಗೆ 30 ವರ್ಷದ ಗುತ್ತಿಗೆಗೆ ಕೊಡಲು ರಾಜ್ಯ ಭೂಕಂದಾಯ ಕಾಯ್ದೆಗೆ ತಿದ್ದುಪಡಿ ತಂದಿದೆ. ಗುತ್ತಿಗೆ ಕೈಗೆ ಬರುವವರೆಗೆ ಆ ತೋಟದ ಕಾಫಿ ಯಾವ ಲೆಕ್ಕಕ್ಕೆ ಸೇರುತ್ತದೆ? ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಳಿ ಇರುವುದು ಅರಣ್ಯ ಹಕ್ಕು ಕಾಯ್ದೆಯ ಹಕ್ಕುಪತ್ರ, ಪಹಣಿಯಲ್ಲ. ಅವರ ಕಾಫಿ ನಕ್ಷೆಯಲ್ಲಿ ಹುಲಿ ಸಂರಕ್ಷಿತ ಪ್ರದೇಶದ ನಡುವೆ ಕಾಣುತ್ತದೆ. ಕಾಡನ್ನು ತಲೆಮಾರುಗಳಿಂದ ಉಳಿಸಿದವರೇ ಕಾಡು ಉಳಿಸುವ ಕಾನೂನಿನಿಂದ ಹೊರಗೆ ಬೀಳುವಂತಾದರೆ ಅದಕ್ಕಿಂತ ಅನ್ಯಾಯ ಬೇರೆ ಏನಿದೆ?

ಈ ಯಾವ ಗಂಟನ್ನೂ ಬ್ರಸೆಲ್ಸ್ ಬಿಡಿಸಿಕೊಡುವುದಿಲ್ಲ. ನಾಡಕಚೇರಿ, ತಾಲ್ಲೂಕು ಕಚೇರಿ, ಸರ್ವೆ ಇಲಾಖೆ, ಪಂಚಾಯಿತಿ ಇವೇ ಬಿಡಿಸಬೇಕು. ಅಧಿಕಾರ ಎಷ್ಟೇ ದೂರ ಹೋಗಿರಲಿ, ಅದು ನಂಬುವ ಕಾಗದ ಮಾತ್ರ ಇಲ್ಲೇ ಹುಟ್ಟುತ್ತದೆ. ನನ್ನ ಮನವಿಯೆಲ್ಲ ನಿಂತಿರುವುದು ಇದರ ಮೇಲೆ.

ಹಾಗಾಗಿ ಮೊದಲು ಖಾತೆ ಸರಿಮಾಡಿಕೊಳ್ಳಿ. ಪೌತಿ ಖಾತೆ ಬಾಕಿ ಇದ್ದರೆ ಈ ಮಳೆಗಾಲ ಮುಗಿಯಲಿ ಎನ್ನದೆ ಅರ್ಜಿ ಕೊಡಿ. ಅಣ್ಣತಮ್ಮಂದಿರ ಮುನಿಸಿನಿಂದ ನಿಂತಿದ್ದರೆ, ಈಗ ಅದರ ಬೆಲೆ ಮೂಟೆಯ ಲೆಕ್ಕದಲ್ಲಿ ಕಟ್ಟಬೇಕಾಗುತ್ತದೆ ಎಂದು ಮನೆಯಲ್ಲಿ ಹೇಳಿ. ತೋಟದ ಗಡಿಯನ್ನು ನೀವೇ ನಡೆದು ಗುರುತಿಸಿ, ಬೇರೆಯವರು ಕಣದಲ್ಲಿ ನಿಂತು ಒತ್ತಿದ ಬಿಂದುವನ್ನು ಒಪ್ಪಬೇಡಿ. ನಿಂತ ಜಾಗದ ಸರ್ವೆ ನಂಬರು ತೋರಿಸುವ ‘ದಿಶಾಂಕ್’ ಆ್ಯಪ್ ರಾಜ್ಯ ಸರ್ಕಾರದ್ದೇ ಇದೆ. ಅದರ ಗೆರೆಗೂ ಬೇಲಿಗೂ ಹತ್ತಾರು ಅಡಿ ವ್ಯತ್ಯಾಸ ಬಂದರೆ ಗಾಬರಿಯಾಗದೆ ಬರೆದಿಡಿ. ಕಾಡಿನ ಅಂಚಿನ ತೋಟದವರು ಇದನ್ನು ಇನ್ನೂ ಎಚ್ಚರದಿಂದ ಮಾಡಬೇಕು, ಅಲ್ಲಿ ಒಂದು ಬಿಂದು ಆಚೆ ಬಿದ್ದರೂ ಅದು ಕಾಡಿನೊಳಗೆ ಬಿದ್ದಂತೆ. ಕಾಫಿ ಮಂಡಳಿ ಆ್ಯಪ್ ಮೂಲಕ ಬೆಳೆಗಾರರ ನೋಂದಣಿ ಮಾಡುತ್ತಿದೆ. ಮಾಡಿಸಿಕೊಳ್ಳಿ. ಮಾಡಿಸಿಕೊಂಡದ್ದಕ್ಕೆ ಸಾಕ್ಷಿಯಾಗಿ ಒಂದು ಪ್ರತಿ ನಿಮ್ಮ ಕೈಯಲ್ಲಿರಲಿ.

ಇನ್ನು ವ್ಯಾಪಾರಿಗೆ ವಾಟ್ಸ್ಆ್ಯಪ್‌ನಲ್ಲಿ ಹೋಗುವ ಲೊಕೇಶನ್, ಪಹಣಿ, ಕೆಲವೊಮ್ಮೆ ಆಧಾರ್ ಪ್ರತಿ. ಇವು ಅಲ್ಲಿಂದ ಎಲ್ಲಿಗೆ ಹೋಗುತ್ತವೆ? ಯಾರ ಸ್ವತ್ತಾಗುತ್ತವೆ? ಸಾಲ ಕೊಡುವವರು, ಜಮೀನು ಕೊಳ್ಳುವ ದಲ್ಲಾಳಿಗಳು, ರೆಸಾರ್ಟಿಗೆ ಜಾಗ ಹುಡುಕುವವರು, ಇವರಿಗೆಲ್ಲ ಒಂದು ತಾಲ್ಲೂಕಿನ ಪ್ರತಿ ತೋಟದ ಗಡಿ, ಒಡೆಯ, ಇಳುವರಿ ಒಂದೇ ಕಡೆ ಸಿಗುವುದು ಎಂಥ ಲಾಭ ಎಂದು ಯೋಚಿಸಿ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರಲ್ಲಿ ಒಮ್ಮತದಿಂದ ಹೇಳಿದ್ದು ನಮ್ಮದೇ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ. ವೈಯಕ್ತಿಕ ದತ್ತಾಂಶ ಸಂರಕ್ಷಣೆಗೆ 2023ರ ಕಾಯ್ದೆಯೂ ಇದೆ. ಕಾಯ್ದೆ ಇದ್ದ ಮಾತ್ರಕ್ಕೆ ಫೋಟೋ ವಾಪಸ್ ಬರುವುದಿಲ್ಲ ಎನ್ನುವುದೂ ನಿಜ. ಆದ್ದರಿಂದ ಕೊಡುವ ಮೊದಲೇ ‘ಯಾತಕ್ಕೆ, ಯಾರಿಗೆ, ಎಷ್ಟು ಕಾಲ’ ಎಂದು ಬರಹದಲ್ಲಿ ಕೇಳಿ. ಒಬ್ಬರೇ ಕೇಳಿದರೆ ‘ಹಾಗಿದ್ರೆ ಬೇಡ ಬಿಡಿ’ ಎಂದು ಗಾಡಿ ಮುಂದೆ ಹೋಗುತ್ತದೆ. ಊರೆಲ್ಲ ಒಂದೇ ಕಾಗದದಲ್ಲಿ ಕೇಳಿದರೆ ಗಾಡಿ ನಿಲ್ಲುತ್ತದೆ.

ಅದಕ್ಕೇ ಗ್ರಾಮಸಭೆ. ನಮ್ಮ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಅದು ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಹಲವು ಕಡೆ ಸಹಿ ಪುಸ್ತಕದಲ್ಲಿ ಮಾತ್ರ ಸೇರುತ್ತದೆ ಎಂದು ನನಗೂ ಗೊತ್ತು, ನಿಮಗೂ ಗೊತ್ತು. ಈ ಸಲ ಕುರ್ಚಿ ತುಂಬಿಸಿ. ಕಾಫಿ ಮಂಡಳಿಯ ಹತ್ತಿರದ ಕಚೇರಿಯವರನ್ನೂ ಗ್ರಾಮ ಆಡಳಿತ ಅಧಿಕಾರಿಯನ್ನೂ ಸಭೆಗೆ ಕರೆಸಲು ಪಿಡಿಒ ಅವರಿಗೆ ಮುಂಚಿತವಾಗಿ ಪತ್ರ ಕೊಡಿ. ನೋಂದಣಿ ಶಿಬಿರ ಊರಿನಲ್ಲೇ, ಬಿಟ್ಟಿಯಾಗಿ, ಕನ್ನಡದ ಅರ್ಜಿಯಲ್ಲಿ ನಡೆಯಬೇಕು. ಫೋನಿಲ್ಲದವರಿಗೆ ಕಾಗದದ ದಾರಿ ಇರಬೇಕು. ತಪ್ಪು ಬಿಂದುವನ್ನು ತಿದ್ದಿಸಲು ಹೆಸರು-ಹುದ್ದೆ ಇರುವ ಒಬ್ಬ ಅಧಿಕಾರಿ ಇರಬೇಕು. ಹಕ್ಕುಪತ್ರದವರನ್ನು, ಗುತ್ತಿಗೆಗೆ ಕಾದಿರುವವರನ್ನು ಹೇಗೆ ಸೇರಿಸುತ್ತೀರಿ ಎಂಬುದಕ್ಕೆ ಬರಹದಲ್ಲಿ ಉತ್ತರ ಬರಬೇಕು. ಇದನ್ನೇ ನಿರ್ಣಯವಾಗಿ ಬರೆಸಿ ನಡಾವಳಿಯ ಪ್ರತಿ ಪಡೆಯಿರಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ; ಬೆಳೆಗಾರರ ದತ್ತಾಂಶವನ್ನು ಮಂಡಳಿ ಯಾರ ಜೊತೆ, ಯಾವ ಒಪ್ಪಂದದ ಮೇಲೆ ಹಂಚಿಕೊಳ್ಳುತ್ತಿದೆ ಎಂಬುದು ಅದರಲ್ಲಿ ಕೇಳಲೇಬೇಕಾದ ಪ್ರಶ್ನೆ. ಲೈನ್ ಮನೆಗಳಲ್ಲಿ ಇರುವ ಕೂಲಿಯವರನ್ನೂ ಸಭೆಗೆ ಕರೆಯಿರಿ. ಅವರ ಕೂಲಿ, ಮನೆ, ಶೌಚಾಲಯದ ಪ್ರಶ್ನೆ ಈಗ ಇದೇ ನಿಯಮದ ಒಳಗೆ ಬಂದಿದೆ. ನಮ್ಮ ಹಕ್ಕಿಗೆ ದಾಖಲೆ ಕೇಳುವಾಗ ಅವರ ಹಕ್ಕಿಗೆ ಕಣ್ಣು ಮುಚ್ಚುವುದು ಸಲ್ಲದು.

ಬೆಂಗಳೂರಿನಲ್ಲಿರುವ ಮಕ್ಕಳಿಗೆ ಹೇಳುವುದು ಚಿಕ್ಕದು. ಮುಂದಿನ ಸಲ ಊರಿಗೆ ಹೋದಾಗ ನಿಮ್ಮ ತೋಟದ ಜೊತೆಗೆ ಪಕ್ಕದ ಎರಡು ಮನೆಯವರ ನೋಂದಣಿಯನ್ನೂ ಕೂತು ಮುಗಿಸಿಕೊಡಿ.

ಯುರೋಪಿನಲ್ಲಿರುವ ಕನ್ನಡಿಗರ ಕೈಯಲ್ಲಿ ನಮಗಿಲ್ಲದ ಒಂದು ಸಾಧನವಿದೆ. ಯುರೋಪಿಯನ್ ಸಂಸತ್ತಿಗೆ ಮನವಿ ಸಲ್ಲಿಸುವ ಹಕ್ಕು ಒಕ್ಕೂಟದ ಪ್ರಜೆಗಳಿಗೆ ಮಾತ್ರ ಸೀಮಿತವಲ್ಲ. ಅಲ್ಲಿ ವಾಸವಿರುವ ಯಾರಿಗಾದರೂ ಇದೆ. ಐಂಡ್‌ಹೋವನ್‌ನಲ್ಲೋ ಮ್ಯೂನಿಕ್‌ನಲ್ಲೋ ಡಬ್ಲಿನ್‌ನಲ್ಲೋ ಇರುವ ನೀವು ಆ ಸಂಸತ್ತಿನ 720 ಸದಸ್ಯರಲ್ಲಿ ನಿಮ್ಮ ಪ್ರದೇಶದವರಿಗೆ ಪತ್ರವನ್ನೂ ಬರೆಯಬಹುದು. ನಿಯಮ ರದ್ದು ಮಾಡಿ ಎಂದು ಬರೆಯಬೇಡಿ. ನೆರಳಿನ ಕಾಫಿ ತೋಟವನ್ನು ನಕ್ಷೆ ಕಾಡೆಂದು ತೋರಿಸಿದರೆ ಸಣ್ಣ ಬೆಳೆಗಾರ ತನ್ನ ಭಾಷೆಯಲ್ಲಿ, ತನ್ನ ದೇಶದ ದಾಖಲೆಯೊಂದಿಗೆ ಆಕ್ಷೇಪಣೆ ಸಲ್ಲಿಸುವ ದಾರಿ ಇರಲಿ, ದಾಖಲೆ ಮಾಡುವ ಖರ್ಚಿನಲ್ಲಿ ಕೊಳ್ಳುವ ಕಂಪನಿಯೂ ಪಾಲು ಹೊರಲಿ, ಸಮುದಾಯದ ಅರಣ್ಯ ಹಕ್ಕುಪತ್ರವನ್ನು ಪೂರ್ಣ ದಾಖಲೆಯೆಂದು ಒಪ್ಪಲಿ ಎಂದು ಕೇಳಿ. ಕಳಿಸಿದ ಮನವಿಯ ಒಂದು ಪ್ರತಿಯನ್ನು ಕನ್ನಡದಲ್ಲಿ ನಿಮ್ಮ ಊರಿನ ಪಂಚಾಯಿತಿಗೂ ಕಳಿಸಿ. ಗ್ರಾಮಸಭೆಯಲ್ಲಿ ಅದನ್ನು ಓದಿ, ನಡಾವಳಿಗೆ ಸೇರಿಸುವಂತೆ ಅಧ್ಯಕ್ಷರನ್ನು ಕೇಳುವ ಕೆಲಸ ಊರಿನಲ್ಲಿರುವ ನಮ್ಮದು.